ಹತ್ತು ಇಪ್ಪತ್ತರ ಕಳ್ಳತನ

ಓದು ಎಂಟಕ್ಕೇ ನಿಂತಿದ್ದ ಅವನನ್ನು ಮುಖ್ಯಸ್ಥ ಎಲ್ಲರೆದುರು ಕರೆಯುತ್ತಿದ್ದುದೇ ‘ಎಂಟನೇ ಕ್ಲಾಸು’ ಎಂದು. ಪಂಪು ಕಾರ್ಖಾನೆಯ ನಕ್ಷೆ ಕೋಣೆಯ ಕಂಪ್ಯೂಟರನ್ನು ಆರು ವರ್ಷ ಸಾಕಿಕೊಂಡು ಬಂದವನು ಇವನು. ಹೊಗಳಿಕೆ ಮಾತ್ರ ಆ ದಡ್ಡ ಮುಖ್ಯಸ್ಥನಿಗೆ. ಪದವಿ ಮೂರು, ಮೌಸು ಹಿಡಿದರೆ ಕೈ ನಡುಕ.

ಆ ಬೆಳಿಗ್ಗೆಯೂ ಅದೇ ರಾಗ. “ಏ ಎಂಟನೇ ಕ್ಲಾಸು, ನೀನೇ ಆನ್ ಮಾಡಪ್ಪ. ನಾನು ಮುಟ್ಟಿದ್ರೆ ಅದು ಹೊಸ ಸೊಸೆ ಥರ ಮುಖ ತಿರುಗಿಸುತ್ತೆ.”

ಎಲ್ಲರೂ ಕಿಸಕ್ಕೆಂದರು. ಒಂಬತ್ತಕ್ಕೆ ಸರಿಯಾಗಿ ಗುಂಡಿ ಒತ್ತಿ, ರಿಜಿಸ್ಟರಿನಲ್ಲಿ ಸಹಿ ಗೀಚಿ, ಅವನೂ ನಕ್ಕ. ನಗಲಿ ಕುರಿಗಳು. ಇವತ್ತು ಈ ಮುಖ್ಯಸ್ಥನ ನೌಕರಿಗೆ ಕೊನೆಯ ದಿನ.

ಹತ್ತರಿಂದ ಹನ್ನೊಂದರವರೆಗೆ ಅವನು ಹಲ್ಲಿನ ಡಾಕ್ಟರ ಬಳಿ ಕೂತಿದ್ದ. ಚೀಟಿಯಲ್ಲಿ ಸಮಯ ಅಚ್ಚಾಗಿತ್ತು. ದಿನಾ ಆ ಹೊತ್ತು ಉಳಿದವರೆಲ್ಲ ಕಾರ್ಖಾನೆಯೊಳಗೆ, ಕೋಣೆಯಲ್ಲಿ ಮುಖ್ಯಸ್ಥನೊಬ್ಬನೇ. ಒಂದು ಗಂಟೆಗೆ ಎಲ್ಲರೂ ಊಟಕ್ಕೆ ಕ್ಯಾಂಟೀನಿಗೆ ನುಗ್ಗಿದಾಗ ಹಲ್ಲುನೋವೆಂದು ಇವನು ಉಳಿದ. ಕಂಪ್ಯೂಟರಿನ ಗಡಿಯಾರವನ್ನು ಹತ್ತು ಇಪ್ಪತ್ತಕ್ಕೆ ಹಿಂದೆಳೆದ. ಪೆನ್‌ಡ್ರೈವ್ ಸಿಕ್ಕಿಸಿ, ಹೊರಗೆ ಹೋಗಲೇಬಾರದ ಹೊಸ ಪಂಪಿನ ನಕ್ಷೆ ಇಳಿಸಿಕೊಂಡ. ಗಡಿಯಾರವನ್ನು ಮತ್ತೆ ಸರಿಮಾಡಿ, ಅದನ್ನು ತಿರುಗಿಸಿದ್ದಕ್ಕೆ ಸಾಕ್ಷಿಯಾಗಿ ಕಂಪ್ಯೂಟರಿನ ದಾಖಲೆಯಲ್ಲಿ ಮೂಡಿದ್ದ ಎರಡೂ ಸಾಲು ಅಳಿಸಿದ. ಪೆನ್‌ಡ್ರೈವ್ ಮುಖ್ಯಸ್ಥನ ಡ್ರಾಯರಿನ ತಳ ಸೇರಿತು. ಗೇಟಿನಾಚೆಯಿಂದ ಮೇಲಿನವರಿಗೆ ಹೆಸರು ಹೇಳದ ಒಂದು ಫೋನು. ಮುಗೀತು. ಇಷ್ಟಕ್ಕೆ ಪದವಿ ಬೇಕೆ?

ಮೂರಕ್ಕೆ ತಪಾಸಣೆಗೆ ಬಂದದ್ದು ದಪ್ಪ ಕನ್ನಡಕದ ಹೆಂಗಸು. ಡ್ರಾಯರು ತೆಗೆದಳು, ಪೆನ್‌ಡ್ರೈವ್ ಸಿಕ್ಕಿತು, ಅದರೊಳಗೆ ನಕ್ಷೆ, ಅದನ್ನು ಇಳಿಸಿಕೊಂಡ ಸಮಯ ಹತ್ತು ಇಪ್ಪತ್ತೊಂದು.

“ಅಮ್ಮಾ, ನಂಗೆ ಅದನ್ನ ಸಿಕ್ಕಿಸೋಕೂ ಬರಲ್ಲ!” ಮುಖ್ಯಸ್ಥ ಕುರ್ಚಿಯಿಂದ ಎದ್ದೇಬಿಟ್ಟ.

“ಸಿಕ್ಕಿಹಾಕ್ಕೊಂಡ್ಮೇಲೆ ಎಲ್ರಿಗೂ ಮರ್ತೋಗುತ್ತೆ ಸಾರ್,” ಎನ್ನುತ್ತ ಅವನು ಹಲ್ಲಿನ ಚೀಟಿಯನ್ನು ಮೇಜಿನ ಮೇಲಿಟ್ಟ.

ಅವಳು ಚೀಟಿಯತ್ತ ಕಣ್ಣೂ ಹಾಯಿಸಲಿಲ್ಲ. ಕಂಪ್ಯೂಟರಿನ ಒಳತಿರುಳಾದ ಕರ್ನಲ್ ತನ್ನಷ್ಟಕ್ಕೆ ಬರೆದಿಟ್ಟ ಸಾಲುಗಳನ್ನು ಓದುತ್ತಿದ್ದಳು. “ಹೊರಗಿನ ಗಡಿಯಾರ ಯಾರು ತಿರುಗಿಸಿದ್ರೂ ತಿರುಗುತ್ತೆ ತಮ್ಮಾ. ಈ ಒಳಗಿನ ಗಡಿಯಾರ ಹಾಗಲ್ಲ. ಆನ್ ಆದಾಗಿಂದ ಒಂದೊಂದೇ ಸೆಕೆಂಡು ಎಣಿಸ್ತಾ ಮುಂದಕ್ಕೇ ಹೋಗುತ್ತೆ. ಪೆನ್‌ಡ್ರೈವ್ ಸಿಕ್ಕಿಸಿದ್ದು ಹದಿನೈದು ಸಾವಿರದ ಅರವತ್ತನೇ ಸೆಕೆಂಡಲ್ಲಿ. ಅಂದ್ರೆ, ಆನ್ ಆಗಿ ನಾಲ್ಕು ಗಂಟೆ ಹನ್ನೊಂದು ನಿಮಿಷಕ್ಕೆ.” ಒಂಬತ್ತರಿಂದ ಎಣಿಸಿದರೆ ಒಂದು ಹನ್ನೊಂದು; ಆಗ ಮುಖ್ಯಸ್ಥ ಇಡೀ ಕ್ಯಾಂಟೀನಿನ ಕಣ್ಣೆದುರು ಉಣ್ಣುತ್ತಿದ್ದ, ಕೋಣೆಯಲ್ಲಿ ಉಳಿದಿದ್ದವನು ಇವನೊಬ್ಬನೇ. “ಬೆಳಿಗ್ಗೆ ಆನ್ ಮಾಡಿದ್ದು ಎಷ್ಟು ಹೊತ್ತಿಗೆ?” ಎಂದು ಕೇಳುತ್ತ ಅವಳು ರಿಜಿಸ್ಟರು ತೆರೆದಳು. ಒಂಬತ್ತು ಗಂಟೆಯ ಎದುರಿಗೆ, ಯಾರೂ ಅಲ್ಲಗಳೆಯಲಾಗದಷ್ಟು ಸ್ಪಷ್ಟವಾಗಿ, ಅವನದೇ ಸಹಿ.