ಒತ್ತೆ ಇಟ್ಟ ಭರ್ಜಿ

2025ರ ಅಕ್ಟೋಬರ್ 3, ಶುಕ್ರವಾರ, ವಿಜಯದಶಮಿಯ ಮರುದಿನ. ಬೆಳಿಗ್ಗೆ ಒಂಬತ್ತೂಕಾಲಿಗೆ ಗುರುದತ್ತ ದೇಸಾಯಿ ಎಂಬ ಹಿರಿಯರು ಹ್ಯೂಸ್ಟನ್ ಮಗ್ಗುಲಿನ ಮಿಸೌರಿ ಸಿಟಿ ಪೊಲೀಸ್ ಠಾಣೆಗೆ ಬಂದು, ತಮ್ಮ ಮನೆಯಿಂದ ಭರ್ಜಿಯ ತುದಿಯೊಂದು ಕಳುವಾಗಿದೆ ಎಂದು ದೂರು ಕೊಟ್ಟರು. ನಾವು ಎಫ್‌ಐಆರ್ ಅನ್ನುವುದಕ್ಕೆ ಟೆಕ್ಸಸ್‌ನಲ್ಲಿ ಬೇರೆ ಹೆಸರಿದೆ, ಅಲ್ಲಿನ ಪಂಚನಾಮೆಗೆ ಪಂಚರೂ ಬೇಕಿಲ್ಲ. ಬರೆದು ಬರೆದು ಬೆರಳು ಸವೆಯುವುದು ಮಾತ್ರ ಎರಡೂ ಕಡೆ ಒಂದೇ ಆದ್ದರಿಂದ, ಇಲ್ಲಿ ನಮ್ಮ ಹೆಸರುಗಳೇ ಇರಲಿ.

ದೂರು ಕೇಳಿಸಿಕೊಂಡ ಆಫೀಸರ್ ರಮೀರೆಜ್‌ಗೆ ತಲೆಬುಡ ಅರ್ಥವಾಗಲಿಲ್ಲ. "ಇದು ನಿಮ್ಮವರ ಕೇಸು" ಎಂದು ಡಿಟೆಕ್ಟಿವ್ ಗಾರ್ಗಿಯ ಮೇಜಿಗೆ ದಾಟಿಸಿದ. ಗಾರ್ಗಿ ಹುಟ್ಟಿದ್ದು ಹ್ಯೂಸ್ಟನ್ನಿನಲ್ಲಿ, ಅಪ್ಪ ಅಮ್ಮ ಮೈಸೂರಿನವರು. ಕಳ್ಳತನದ ವಿಭಾಗಕ್ಕೆ ಬಂದು ಕೆಲವು ವರ್ಷಗಳಾಗಿದ್ದವು. ಈಚೆಗೆ ಯಾರ ಗೋಳೂ ಅವಳಿಗೆ ತಟ್ಟುತ್ತಿರಲಿಲ್ಲ. ಮೊದಮೊದಲು ಅದಕ್ಕೆ ಬೇಸರಪಡುತ್ತಿದ್ದಳು, ಈಗ ಅದೂ ಇರಲಿಲ್ಲ.

"ಭರ್ಜಿ ಎಲ್ಲಿಂದ ಬಂತು ಅಂಕಲ್?"

"ನಮ್ಮ ಕಂಪನೀದುರಿ. ಅಂದ್ರ, ನಮ್ಮ ಕಂಪನಿ ನುಂಗಿದ ಹಳೇ ಎಣ್ಣಿ ಕಂಪನೀದು. ಬ್ರಿಟಿಷರ ಕಾಲದಾಗ ಅಸ್ಸಾಂ ಗಡಿ ಗುಡ್ಡದಾಗ ಬಾವಿ ತೋಡೂಕಿಂತ ಮೊದಲ ಮಾತುಕತಿ ಆತು. ಅಲ್ಲಿ ಬುಡಕಟ್ಟಿನ ಮುಖ್ಯಸ್ಥ ತನ್ನ ಭರ್ಜಿ ಮುರದು ತುದಿ ಸಾಹೇಬನ ಕೈಯಾಗ ಕೊಟ್ಟಾನ. ಶರಣಾದ ಅಂತ. ನಾ ರಿಟೈರ್ ಆದಾಗ ಕಂಪನಿಯವರು ಅದನ್ನ ನನಗ ಗಿಫ್ಟ್ ಕೊಟ್ರು."

"ಮನೇಲಿ ಎಲ್ಲಿಟ್ಟಿದ್ರಿ?"

"ಆಯುಧಪೂಜಾಕ್ಕಂತ ಗೊಂಬಿ ಮೆಟ್ಟಲದ ಮ್ಯಾಲ, ಕಳಶದ ಬಾಜೂಕ. ಲಗೂನ ಹುಡುಕ್ರಿ. ಮುಂದಿನ ಶನಿವಾರ ಆಸ್ಟಿನ್ ಮ್ಯೂಸಿಯಂಗೆ ಕೊಡೋದದ. ನನ್ನ ಹೆಸರಿನ ಹಿತ್ತಾಳಿ ಫಲಕ ಸುದ್ದಾ ತಯಾರಾಗೇದ."

ಎಫ್‌ಐಆರ್ ದಾಖಲಾಯಿತು. ಹತ್ತೂವರೆಗೆ ಗಾರ್ಗಿ ಮತ್ತು ರಮೀರೆಜ್ ದೇಸಾಯಿಯವರ ಮನೆಯಲ್ಲಿ ಪಂಚನಾಮೆ ಶುರುಮಾಡಿದರು. ಬಾಗಿಲು, ಕಿಟಕಿ ಒಡೆದಿರಲಿಲ್ಲ. ದೇಸಾಯಿಯವರ ಹೆಂಡತಿ ಮೀರಾ ಮೈಸೂರಿನ ಹೆಣ್ಣುಮಗಳು, ಏಳು ಮೆಟ್ಟಿಲು ಗೊಂಬೆ ಕೂರಿಸಿದ್ದರು. ಮೇಲಿನ ಮೆಟ್ಟಿಲಲ್ಲಿ ಪಟ್ಟದ ಗೊಂಬೆಗಳ ಪಕ್ಕ ಗಾಜಿನ ಪೆಟ್ಟಿಗೆ ಬಾಯಿ ತೆರೆದುಕೊಂಡಿತ್ತು. ಅದರೊಳಗೆ ನಾಲ್ಕು ಕಾಳು ಅಕ್ಕಿ.

"ಮಕ್ಕಳು ಆಟಕ್ಕೆ ಚೆಲ್ಲಿರಬೇಕು" ಎಂದ ರಮೀರೆಜ್, ಕೈಗವಸು ಹಾಕಿಕೊಳ್ಳುತ್ತ.

ಗಾರ್ಗಿ ಬಗ್ಗಿ ನೋಡಿದಳು. ಅಕ್ಕಿಗೆ ಅರಿಶಿನ ಹತ್ತಿತ್ತು. ಕಳಶ ಇದ್ದ ಜಾಗದಿಂದ ಒಂದು ಬೆರಳಷ್ಟು ಉತ್ತರಕ್ಕೆ ಸರಿದಿತ್ತು. ಕೆಳಗೆ ಹಾಸಿದ್ದ ಅಕ್ಕಿಯಲ್ಲಿ ಅದರ ಗುರುತು ಸ್ಪಷ್ಟವಾಗಿತ್ತು.

"ಆಂಟಿ, ಕಳಶ ಕದಲಿಸಿದ್ದೀರಾ?"

"ಇಲ್ಲಮ್ಮ. ಇವತ್ತು ಸಂಜೆ ಆರತಿ ಮಾಡಿ, ಆಮೇಲೆ ಕದಲಿಸೋಣ ಅಂತಿದ್ದೆ. ಯಾರು ಮುಟ್ಟಿದ್ರು ಇದನ್ನ?"

ಪೂಜೆಗೆ ಕೂರಿಸಿದ್ದನ್ನು ಸುಮ್ಮನೆ ಎತ್ತಿಕೊಂಡು ಹೋಗುವಂತಿಲ್ಲ. ಅಕ್ಷತೆ ಹಾಕಿ, ಕಳಶವನ್ನು ತುಸು ಉತ್ತರಕ್ಕೆ ಕದಲಿಸಿ, ದೇವರನ್ನು ಕಳಿಸಿಕೊಟ್ಟ ಮೇಲೆಯೇ ಎತ್ತಬೇಕು. ಕಳ್ಳ ಅದನ್ನೆಲ್ಲ ಕ್ರಮವಾಗಿ ಮಾಡಿ ಕದ್ದಿದ್ದ. ಬೀಗ ಒಡೆಯುವವನಿಗೆ ಅಷ್ಟು ಮಡಿ ಇರುವುದಿಲ್ಲ. ಇವನು ಈ ಮನೆಯಲ್ಲಿ ಕೂತು ಊಟ ಮಾಡಿದವನು ಎಂದು ಗಾರ್ಗಿ ರಮೀರೆಜ್‌ಗೆ ಇಂಗ್ಲಿಷಿನಲ್ಲಿ ತಿಳಿಸಿ ಹೇಳಿದಳು. ಅವನು ತನ್ನ ಅಜ್ಜಿಯೂ ಹೀಗೆಯೇ ಏನೇನೋ ಮಾಡುತ್ತಿದ್ದಳು ಎಂದು ಒಪ್ಪಿಕೊಂಡ.

"ನಿನ್ನೆ ಮನೇಲಿ ಯಾರಿದ್ರು?"

"ಮಧ್ಯಾಹ್ನ ಊಟಕ್ಕೆ ಮೂವತ್ತು ಜನ. ಸಂಜೆ ಬನ್ನಿ ಕೊಡೋಕೆ ಎಲ್ಲರೂ ದೇವಸ್ಥಾನಕ್ಕೆ ಹೋದ್ವಿ. ಬಂದು ಮಲಗಿದ್ವಿ, ಬೆಳಿಗ್ಗೆ ನೋಡಿದ್ರೆ ಇದು."

ಮೂವತ್ತು ಜನರೂ ಅಕ್ಷತೆ ಹಾಕಬಲ್ಲವರೇ. ಗಾರ್ಗಿ ಮೀರಾ ಅವರ ಫೋನಿನಿಂದ ಊಟದ ದಿನದ ಗುಂಪುಚಿತ್ರ ಕಳಿಸಿಕೊಂಡಳು. ಮಾರುವುದಕ್ಕೆ ಕದ್ದಿದ್ದರೆ ಪಕ್ಕದಲ್ಲೇ ಇದ್ದ ಬೆಳ್ಳಿ ದೀಪಗಳನ್ನು ಬಿಡುತ್ತಿರಲಿಲ್ಲ. ಆ ಭರ್ಜಿಯೇ ಬೇಕಾಗಿದ್ದವನು ಮ್ಯೂಸಿಯಂಗೂ ಹೋಗಿರಬಹುದು ಎನಿಸಿತು.

ಸೋಮವಾರ ಆಸ್ಟಿನ್‌ಗೆ ಡ್ರೈವ್ ಮಾಡಿಕೊಂಡು ಹೋದಳು. ಮ್ಯೂಸಿಯಂನ ಕ್ಯುರೇಟರ್ ಹೋಲ್ಟ್ ಎಂಬ ಹೆಂಗಸು ಚಿತ್ರ ನೋಡಿದವಳೇ ಎರಡನೇ ಸಾಲಿನ ಬಿಳಿಗೂದಲಿನವರ ಮೇಲೆ ಬೆರಳಿಟ್ಟಳು.

"ಇವರು ಹೋದ ತಿಂಗಳು ಡಾಲಸ್‌ನಿಂದ ಬಂದಿದ್ದರು."

"ಏನು ಕೇಳಿದರು?"

"ವಸ್ತು ಒಮ್ಮೆ ನಮ್ಮ ಕೈಸೇರಿದರೆ, ಮೂಲದವರು ಕೇಳಿದಾಗ ವಾಪಸ್ ಕೊಡುತ್ತೀರಾ ಅಂತ. ಆಡಳಿತ ಮಂಡಳಿ ತೀರ್ಮಾನಿಸಬೇಕು, ವರ್ಷಗಟ್ಟಲೆ ಹಿಡಿಯುತ್ತೆ ಅಂದೆ. ತೊಂಬತ್ತು ವರ್ಷದವರಿಗೆ ಅಷ್ಟು ಸಮಯ ಇಲ್ಲ ಅಂದರು. ನಾನು ಸಾರಿ ಅಂದೆ."

ಚಿತ್ರದಲ್ಲಿದ್ದವರು ಡಾಕ್ಟರ್ ಪ್ರಹ್ಲಾದ್ ಉಪಾಧ್ಯ. ಉಡುಪಿಯವರು, ಡಾಲಸ್ ಹತ್ತಿರದ ಫ್ಲವರ್ ಮೌಂಡ್‌ನಲ್ಲಿ ಮಕ್ಕಳ ವೈದ್ಯರಾಗಿ ನಿವೃತ್ತರಾದವರು, ದೇಸಾಯಿಯವರ ನಲವತ್ತು ವರ್ಷದ ಗೆಳೆಯ. ಹಬ್ಬಕ್ಕೆಂದು ಬಂದು ಅವರ ಮನೆಯಲ್ಲೇ ಉಳಿದಿದ್ದರು. ಹಬ್ಬದ ಸಂಜೆ ಎಲ್ಲರೂ ಮೊದಲೇ ಹೊರಟರೆ ಇವರು ಹಿಂದಿನಿಂದ ತಮ್ಮ ಕಾರಿನಲ್ಲಿ ದೇವಸ್ಥಾನಕ್ಕೆ ಹೋಗಿ, ಬನ್ನಿ ಕೊಟ್ಟು, ಗೆಳೆಯನನ್ನು ತಬ್ಬಿಕೊಂಡು, ಅಲ್ಲಿಂದಲೇ ಡಾಲಸ್‌ಗೆ ಹೊರಟಿದ್ದರು. ಇದನ್ನು ಮೀರಾ ಫೋನಿನಲ್ಲಿ ಹೇಳಿದರು.

ಮಂಗಳವಾರ ಬೆಳಿಗ್ಗೆ ಸರ್ಚ್ ವಾರಂಟ್ ಹಿಡಿದು, ಸ್ಥಳೀಯ ಪೊಲೀಸರ ಜೊತೆ ಗಾರ್ಗಿ, ರಮೀರೆಜ್ ಫ್ಲವರ್ ಮೌಂಡ್‌ನ ಮನೆಯ ಬೆಲ್ ಒತ್ತಿದರು. ಪ್ರಹ್ಲಾದ್ ಬಾಗಿಲು ತೆರೆದು, ಬ್ಯಾಡ್ಜ್ ನೋಡಿ, ದಾರಿ ಬಿಟ್ಟರು. ಮೌನವಾಗಿರುವ ಹಕ್ಕಿದೆ ಎಂದು ಗಾರ್ಗಿ ಓದಿ ಹೇಳಿದಳು. ಅವರು ತಲೆಯಾಡಿಸಿದರು.

"ಭರ್ಜಿ ತುದಿ ನೀವು ತಗೊಂಡ್ರಾ ಅಂಕಲ್?"

"ಹೌದು, ನಾನೇ ತೆಗೆದದ್ದು. ಸೂಟ್‌ಕೇಸಿನಲ್ಲಿ ಉಂಟು. ನಾಡಿದ್ದು ಗುರುವಾರ ಅಸ್ಸಾಮಿಗೆ ನನಗೆ ಫ್ಲೈಟ್ ಇತ್ತು."

ಶಾಲಿನಲ್ಲಿ ಸುತ್ತಿಟ್ಟಿದ್ದ ಕಬ್ಬಿಣದ ಅಲಗು ಸಿಕ್ಕಿತು. ಒಂದು ಗೇಣು ಉದ್ದ, ಬುಡದಲ್ಲಿ ಮುರಿದ ಮರದ ಸಿಬಿರು. ಮಹಜರು ಬರೆದು ವಶಕ್ಕೆ ತೆಗೆದುಕೊಂಡರು.

"ಗೆಳೆಯರನ್ನ ಕೇಳಬಹುದಿತ್ತಲ್ಲ?"

"ಮೂರು ಸಲ ಕೇಳಿದೆ. ನಗಾಡಿದ. ಕಂಪನಿಗೆ ಶರಣಾಗಿ ಕೊಟ್ಟದ್ದನ್ನು ಯಾರಾದ್ರೂ ವಾಪಸ್ ಕೇಳ್ತಾರಾ ಅಂದ."

"ಶರಣಾಗಿ ಕೊಟ್ಟಿದ್ದಲ್ವಾ?"

"ಅಲ್ಲ ಮಾರಾಯ್ತಿ. ಒತ್ತೆ ಇಟ್ಟದ್ದು. ನೀವು ಇರುವಷ್ಟು ಕಾಲ ನಾನು ಆಯುಧ ಎತ್ತುವುದಿಲ್ಲ, ಹೋಗುವಾಗ ತುದಿ ವಾಪಸ್ ಕೊಟ್ಟು ಹೋಗಿ, ಅಂತ ಮುಖ್ಯಸ್ಥ ಹೇಳಿದ್ದು. ಸಾಹೇಬನಿಗೆ ಷರತ್ತು ಅಂದರೆ ಆಗದು. ಅದಕ್ಕೆ ದುಭಾಷಿ ಅವನಿಗೆ ಶರಣು ಅಂತ ಹೇಳಿದ. ಮುಖ್ಯಸ್ಥನಿಗೆ, ಸಾಹೇಬರು ಒಪ್ಪಿದ್ದಾರೆ ಅಂತ ಹೇಳಿದ. ಎರಡು ಕಡೆಯವರೂ ಖುಷಿ."

"ಇದೆಲ್ಲ ನಿಮಗೆ ಹೇಗೆ ಗೊತ್ತು?"

"ಆ ದುಭಾಷಿ ನನ್ನ ಅಜ್ಜ. ಕಂಪನಿಯ ಗುಮಾಸ್ತನಾಗಿ ಅಲ್ಲಿಗೆ ಹೋಗಿ ಆ ಜನರ ಭಾಷೆ ಕಲಿತವ. ಸಾಯುವ ಮುಂಚೆ ನನ್ನ ಹತ್ತಿರ ಹೇಳಿದ."

ರಮೀರೆಜ್ ಏನೆಂದು ಕೇಳಿದ. ಆಮೇಲೆ ಹೇಳುತ್ತೇನೆ ಎಂದು ಗಾರ್ಗಿ ಸನ್ನೆ ಮಾಡಿದಳು.

ಉಳಿದದ್ದನ್ನೂ ಪ್ರಹ್ಲಾದ್ ಹೇಳಿದರು. ಎಣ್ಣೆ ಬತ್ತಿದ ಮೇಲೆ ಕಂಪನಿ ಎದ್ದು ಹೋಯಿತು, ತುದಿಯೂ ಜೊತೆಗೆ ಹೋಯಿತು. ಆ ಜನರಲ್ಲಿ ಮುಖ್ಯಸ್ಥನನ್ನು ಹೂಳುವುದು ಇಡೀ ಭರ್ಜಿಯ ಜೊತೆಗೆ. ಮುರಿದ ಭರ್ಜಿಯವನ ಮಾತು ಇನ್ನೂ ಮುಗಿದಿಲ್ಲ ಎಂದು ಲೆಕ್ಕ. ಹಾಗಾಗಿ ಅವನ ಎಲುಬುಗಳನ್ನು ಮರದ ಪೆಟ್ಟಿಗೆಯಲ್ಲಿ ಊರ ಗಡಿಯ ಹೊರಗೇ ಇಟ್ಟುಕೊಂಡಿದ್ದಾರೆ. ನಾಲ್ಕು ವರ್ಷದ ಹಿಂದೆ ಪ್ರಹ್ಲಾದ್ ಅಲ್ಲಿಗೆ ಹೋಗಿದ್ದರು. ಮುಖ್ಯಸ್ಥನ ಮೊಮ್ಮಗಳು ಅವರಿಗೆ ಪೆಟ್ಟಿಗೆ ತೋರಿಸಿ, ತಾನು ಸಾಯುವುದರೊಳಗೆ ಅಜ್ಜನನ್ನು ಊರೊಳಗೆ ಹೂಳಬೇಕು ಎಂದಿದ್ದಳು. ಆಕೆಗೆ ಈಗ ತೊಂಬತ್ತು.

ಹನ್ನೊಂದು ಗಂಟೆಗೆ ಬಂಧನವಾಯಿತು. ಬೇಡಿ ಹಾಕುವಾಗ ರಮೀರೆಜ್ ವಾಚು ಬಿಚ್ಚಿಕೊಳ್ಳಲು ಹೇಳಿದ, ಅವರು ಬಿಚ್ಚಿಕೊಟ್ಟರು.

ಬುಧವಾರ ದೇಸಾಯಿ ಠಾಣೆಗೆ ಓಡಿಬಂದರು. ಮುಖ ಬಾಡಿತ್ತು.

"ಪ್ರಹ್ಲಾದ ನನ್ನ ತಮ್ಮ ಇದ್ದಂಗರಿ. ಕೇಸ್ ಬ್ಯಾಡ, ನಾ ಎಲ್ಲಿ ಬೇಕಾದ್ರ ಸಹಿ ಮಾಡತೀನಿ. ಅವನ್ನ ಬಿಟ್ಟುಬಿಡ್ರಿ."

"ಸರ್ಕಾರಿ ವಕೀಲರು ಒಪ್ಪಿದ್ರೆ ಆಗಬಹುದು."

"ಒಪ್ಪತಾರ. ಮತ್ತ ಭರ್ಜಿ ಶನಿವಾರದೊಳಗ ಸಿಗತದಲ್ಲರಿ?"

ಗಾರ್ಗಿಗೆ ಬಹಳ ದಿನಗಳ ಮೇಲೆ ಸಿಟ್ಟು ಬಂತು. ಅದನ್ನು ನುಂಗಿಕೊಂಡು, ಲಾಕಪ್ಪಿಗೆ ಹೋಗಿ ಪ್ರಹ್ಲಾದ್‌ಗೆ ವಿಷಯ ಹೇಳಿದಳು.

"ದೂರು ವಾಪಸ್ ತಗೋತಾರಂತೆ. ನಿಮಗೆ ಒಳ್ಳೇದೇ ಅಲ್ವಾ ಅಂಕಲ್?"

"ಕೇಸ್ ಇಲ್ಲ ಅಂದರೆ ಭರ್ಜಿ ಎಲ್ಲಿಗೆ ಹೋಗ್ತದೆ?"

"ಅವರಿಗೆ."

"ಕೇಸ್ ಇದ್ದರೆ?"

"ಒಡೆತನದ ತಕರಾರು ಇದ್ರೆ, ಜಡ್ಜ್ ತೀರ್ಮಾನ ಮಾಡೋವರೆಗೆ ನಮ್ಮ ಹತ್ರ."

"ಹಾಗಾದರೆ ಬರೆದುಕೋ. ಅದು ಗುರುದತ್ತನದ್ದಲ್ಲ, ನನ್ನದೂ ಅಲ್ಲ. ಕೊಟ್ಟವರ ಕಡೆಯ ಹೆಂಗಸು ಜೀವಂತ ಇದ್ದಾಳೆ, ಅವಳನ್ನು ಕೇಳಬೇಕು. ನಾನು ಕದ್ದದ್ದು ಹೌದು. ಕೋರ್ಟಿನಲ್ಲಿ ಹೇಳ್ತೇನೆ, ವಕೀಲರಿಗೆ ಕೇಸ್ ಬಿಡಬೇಡಿ ಅಂತ ಹೇಳು."

"ಈ ವಯಸ್ಸಲ್ಲಿ ಜೈಲಾಗಬಹುದು."

"ಆಗಲಿ ಮಗಳೇ."

ಹೇಳಿಕೆ ಮೂರು ಪುಟವಾಯಿತು. ಅಜ್ಜನ ಆ ನೌಕರಿಯಿಂದ ಉಡುಪಿಯಲ್ಲಿ ಮನೆಯಾಯಿತು, ಅಪ್ಪ ಓದಿದರು, ತಾನು ಡಾಕ್ಟರಾದೆ, ತನ್ನ ಮಕ್ಕಳಿಗೆ ಯಾವುದಕ್ಕೂ ಕೊರತೆಯಾಗಲಿಲ್ಲ, ಆ ಪೆಟ್ಟಿಗೆ ನೋಡಿ ಬಂದ ಮೇಲೆ ಉಂಡ ಅನ್ನ ಮೈಗೆ ಹತ್ತಿಲ್ಲ ಎಂದು ಪ್ರಹ್ಲಾದ್ ಬರೆಸಿದರು. ಅದನ್ನು ಆರೋಪಿಯ ಉದ್ದೇಶ ಎಂಬ ಕಡೆ ಸೇರಿಸಿ ಗಾರ್ಗಿ ವರದಿ ಕಳಿಸಿದಳು. ಸರ್ಕಾರಿ ವಕೀಲರು ತಕರಾರು ದಾಖಲಿಸಿಕೊಂಡರು. ಆಸ್ಟಿನ್‌ನ ಸಮಾರಂಭ ಮುಂದಕ್ಕೆ ಹೋಯಿತು.

ಉಳಿದದ್ದು ಒಂದೇ ಕೆಲಸ. ಒಡೆತನ ಯಾರದೆಂದು ಕೋರ್ಟು ಕೇಳಬೇಕಾದ ಆ ಮೊಮ್ಮಗಳಿಗೆ ವಿಷಯ ತಿಳಿಸಬೇಕು. ಗುರುವಾರ ಸಂಜೆ, ಅಲ್ಲಿ ಬೆಳಗಾಗಿರುವ ಹೊತ್ತಿಗೆ, ಗಾರ್ಗಿ ಪ್ರಹ್ಲಾದ್ ಕೊಟ್ಟ ನಂಬರಿಗೆ, ಆ ಊರಿನ ಶಾಲೆಯ ಮೇಷ್ಟರಿಗೆ, ಫೋನ್ ಮಾಡಿದಳು. ತನ್ನ ಹರಕುಮುರುಕು ಹಿಂದಿಯಲ್ಲಿ, ಡಾಕ್ಟರ್ ಬರುವುದಿಲ್ಲ, ಭರ್ಜಿ ಪೊಲೀಸರ ಹತ್ತಿರ ಇದೆ ಎಂದಳು.



"ನಿನ್ನೆಯೇ ಗುಂಡಿ ತೋಡಿದ್ದೇವೆ" ಎಂದರು ಮೇಷ್ಟರು. "ಅಜ್ಜಿ ಇಲ್ಲೇ ಕೂತಿದ್ದಾರೆ. ಯಾವಾಗ ಕಳಿಸ್ತೀರಿ ಅಂತ ಕೇಳ್ತಿದ್ದಾರೆ."

ಬೇಗ ಕಳಿಸುತ್ತೇವೆ ಅನ್ನುವುದು ಸುಲಭವಿತ್ತು. ದೂರು ಕೊಟ್ಟವರಿಗೆಲ್ಲ ಅವಳು ಅದನ್ನೇ ಹೇಳುತ್ತಿದ್ದಳು, ಬಾಯಿಗೆ ತಾನಾಗಿ ಬಂದೂ ಬಿಟ್ಟಿತ್ತು.

"ಕಳಿಸ್ತೀವೋ ಇಲ್ವೋ ನನಗೆ ಗೊತ್ತಿಲ್ಲ" ಎಂದಳು ಗಾರ್ಗಿ. "ಅದು ನನ್ನ ಕೈಯಲ್ಲಿಲ್ಲ. ಅವರು ಬದುಕಿರೋವಾಗ ತೀರ್ಮಾನ ಆಗುತ್ತೆ ಅಂತಲೂ ಹೇಳಲಾರೆ. ನಾನು ಹೇಳಿದ್ದನ್ನ ಹಾಗೇ ಹೇಳಿ."

ಮೇಷ್ಟರು ತಮ್ಮ ಭಾಷೆಯಲ್ಲಿ ಹೇಳಿದರು. ಅಜ್ಜಿ ಏನೋ ಕೇಳಿದಳು, ಅವರು ಮತ್ತೊಮ್ಮೆ ಹೇಳಿದರು.  ಗಾರ್ಗಿ ಫೋನ್ ಇಡಲಿಲ್ಲ.

"ಏನಂದ್ರು?"

"ನಿಮಗೇನೂ ಹೇಳಲಿಲ್ಲ" ಎಂದರು ಮೇಷ್ಟರು. "ಗುಂಡಿ ಮುಚ್ಚಿಬಿಡಿ ಅಂತ ಹುಡುಗರಿಗೆ ಹೇಳಿದರು."