ಸದ್ದಿನೊಳಗೆ ಕೇಳಿದ ಮಾತು

ಬೇಸಿಗೆ ಹಿಂದೆ ಸರಿದು ಗಾಳಿಕಾಲ ಶುರುವಾಗಿತ್ತು. ಮೋಡ ಬರುತ್ತಿತ್ತು, ಮಳೆ ಬರುತ್ತಿರಲಿಲ್ಲ. ಹಳೆಯ ಬಟ್ಟೆ ಗಿರಣಿಯ ಅಂಗಳದಲ್ಲಿ ದೂಳು ಎದ್ದು ಸುತ್ತುತ್ತಿತ್ತು. ಗಿರಣಿ ನಿಂತು ಬಹಳ ಕಾಲವಾಗಿತ್ತು. ಒಳಗೆಲ್ಲ ಗೋಡೆ ಎಬ್ಬಿಸಿ ಮನೆಗಳನ್ನಾಗಿ ಮಾಡಿದ್ದರು. ಎರಡಾಳೆತ್ತರದ ಕಿಟಕಿ, ಕಬ್ಬಿಣದ ತೊಲೆ, ಗಾರೆ ಕಾಣದ ಇಟ್ಟಿಗೆ. ಬಡವನ ಗೋಡೆಯಲ್ಲಿ ಇಟ್ಟಿಗೆ ಕಂಡರೆ ಗಾರೆಗೆ ಗತಿಯಿಲ್ಲ ಅನ್ನುತ್ತಾರೆ. ಇಲ್ಲಿ ಅದಕ್ಕೇ ಹೆಚ್ಚು ಬೆಲೆ.

ಕಟ್ಟಡದ ಉಸ್ತುವಾರಿಯ ಮಗ್ಗದಜ್ಜ ಅಂಗಳಕ್ಕೆ ನೀರು ಹೊಡೆದು ಮೆಟ್ಟಿಲು ತೊಳೆಯಲು ಹತ್ತಿದ್ದ. ಪ್ರಾಯದಲ್ಲಿ ಇದೇ ಗಿರಣಿಯಲ್ಲಿ ಮಗ್ಗ ನಡೆಸಿದವನು. ಹೆಸರು ಹಾಗೇ ಉಳಿದಿತ್ತು. ಮೇಲಿನ ಮಹಡಿಯ ಖಾಲಿ ಮನೆಯೊಂದರಲ್ಲಿ ಇಬ್ಬರು ಕೆಲಸಗಾರರು ನೆಲ ಉಜ್ಜುವ ಯಂತ್ರ ಓಡಿಸುತ್ತಿದ್ದರು. ಊಟದ ಹೊತ್ತಿಗೆ ಯಂತ್ರ ನಿಂತಿತು. ಸ್ವಲ್ಪದರಲ್ಲೇ ಪಕ್ಕದ ಮನೆಯಿಂದ, ಆಗಷ್ಟೇ ಕೆಲಸಕ್ಕೆ ಬಂದ ಅಡುಗೆಯವಳ ಕೂಗು ಕೇಳಿಸಿತು.

ಆ ಮನೆ ಮ್ಯಾನೇಜರರದು. ಗಿರಣಿ ನಡೆಯುತ್ತಿದ್ದಾಗ ಅವರೇ ಅದರ ಮ್ಯಾನೇಜರು. ತಾವು ಆಳಿದ ಜಾಗದಲ್ಲೇ ಮುದಿತನ ಕಳೆಯಬೇಕೆಂದು ಬಂದು ನೆಲೆಸಿದ್ದರು. ಈಗ ಹಜಾರದ ನೆಲದ ಮೇಲೆ ಅಂಗಾತ ಬಿದ್ದಿದ್ದರು. ಮೇಲೆ ಮರದ ಅಟ್ಟ. ಅಲ್ಲಿ ಅವರ ಮಂಚ. ಅಟ್ಟದಿಂದ ಬಿದ್ದಿದ್ದರು. ಉಸಿರು ನಿಂತಿತ್ತು.

*

ಇನ್‌ಸ್ಪೆಕ್ಟರ್ ಬಂದವಳು ಮೊದಲು ಹೆಣ ನೋಡಿದಳು, ಆಮೇಲೆ ಅಟ್ಟ ಹತ್ತಿದಳು. ದನ ಸಾಕುವವರ ಮನೆಯ ಮಗಳು. ಕೊಟ್ಟಿಗೆಯಲ್ಲಿ ಏನೋ ಸರಿಯಿಲ್ಲವೆಂದರೆ ನಿಂತ ಕಡೆ ನಿಲ್ಲಲಾಗದ ಚಡಪಡಿಕೆ ಅವಳಿಗೆ ಅಲ್ಲಿಂದಲೇ ಬಂದದ್ದು.

ಅಟ್ಟದ ಅಂಚಿನ ಕಂಬಿ ಗಟ್ಟಿಯಿತ್ತು. ಮ್ಯಾನೇಜರರ ಅಂಗಿ ಎದೆಯ ಹತ್ತಿರ ಹರಿದಿತ್ತು. ಕಿತ್ತುಬಂದ ಗುಂಡಿ ಅಟ್ಟದ ಮೇಲಿತ್ತು. ಫೋನು ಮಂಚದ ಮೇಲೆ. ಯಾರೋ ಎದೆಗೆ ಕೈಹಾಕಿ ನೂಕಿದ್ದರು.

ಅಳಿಯನ ಮೇಲೆ ಎಲ್ಲರೂ ಬೆರಳು ತೋರಿಸಿದರು. ಮನೆ ಮಾರಿ ತನ್ನ ಅಂಗಡಿ ದೊಡ್ಡದು ಮಾಡಿಕೊಡಿ ಎಂದು ಅವನು ಬೆಳಿಗ್ಗೆಯೇ ಬಂದು ಮಾವನ ಜೊತೆ ಜಗಳವಾಡಿದ್ದ. ಕೂಗಾಟ ಮೂರು ಮನೆಗೆ ಕೇಳಿಸಿತ್ತು. ಯಂತ್ರ ಶುರುವಾಗುವ ಮೊದಲೇ ಹೊರಟುಹೋದೆ, ಉದ್ಯಾನದಲ್ಲಿ ಒಬ್ಬನೇ ಕೂತಿದ್ದೆ ಎಂದ. ಅಲ್ಲಿ ಅವನನ್ನು ಕಂಡವರಿಲ್ಲ.

"ಜಗಳ ಆಡಿದ್ದು ನಿಜ ಮೇಡಂ. ಮಾವನ ಮೇಲೆ ಕೈ ಎತ್ತೋ ಧೈರ್ಯ ಇದ್ದಿದ್ರೆ, ಅವ್ರ ಮಗಳ ಹತ್ರ ದಿನಾ ಬೈಸ್ಕೊಂಡು ಬದುಕ್ತಿದ್ನಾ?"

ಯಾರೂ ನಗಲಿಲ್ಲ. ಅವನ ಹೆಂಡತಿ ಗೋಡೆಗೊರಗಿ ನಿಂತಿದ್ದಳು. ತುಂಬು ಬಸುರಿ. ಬೆಳಗಾಗುವಾಗ ಇದ್ದ ಅಪ್ಪ ಮಧ್ಯಾಹ್ನಕ್ಕಿಲ್ಲ. ಸಂಜೆಗೆ ಗಂಡನೂ ಇರುವುದಿಲ್ಲವೇ ಎಂಬ ಪ್ರಶ್ನೆಯನ್ನು ಅವಳು ಬಾಯಿಬಿಟ್ಟು ಕೇಳಲಿಲ್ಲ. ಇನ್‌ಸ್ಪೆಕ್ಟರಿಗೆ ಅದು ಕೇಳಿಸಿದಂತೆಯೇ ಇತ್ತು. ಪೊಲೀಸ್ ಮೇಲಧಿಕಾರಿಗಳು ಆಗಲೇ ಫೋನು ಮಾಡಿ, ಅಳಿಯ ಕೈಯಲ್ಲೇ ಇದ್ದಾನಲ್ಲ, ಸಂಜೆಯೊಳಗೆ ಮುಗಿಸಿ ಅಂದಿದ್ದರು.

ನೆಲ ಉಜ್ಜುವವರಲ್ಲಿ ಒಬ್ಬ ದೂಳಿನ ವಿಷಯಕ್ಕೆ ಮ್ಯಾನೇಜರರಿಂದ ಹಿಂದಿನ ದಿನ ಬೈಸಿಕೊಂಡಿದ್ದನಂತೆ. ಅವನನ್ನೂ ವಿಚಾರಿಸಿದ್ದಾಯಿತು. ಇಬ್ಬರೂ ಯಂತ್ರ ಬಿಟ್ಟು ಕದಲಿರಲಿಲ್ಲ. ಇಬ್ಬರೂ ಹಿಡಿಯದೆ ಓಡದ ಯಂತ್ರ, ನಿಲ್ಲಿಸಿದ್ದರೆ ಕಟ್ಟಡಕ್ಕೆಲ್ಲ ಗೊತ್ತಾಗುತ್ತಿತ್ತು.

ಆಗ ಮಗ್ಗದಜ್ಜ ತಾನಾಗಿ ಮುಂದೆ ಬಂದ.

"ಮೇಡಮ್ಮ, ಆ ಹುಡುಗನ್ನ ಬಿಟ್ಬಿಡಿ. ಅವನು ಹೋದ್ಮೇಲೂ ಸಾಹೇಬರು ಇದ್ರು. ಫೋನಲ್ಲಿ ಮಾತಾಡ್ತಿದ್ರು. ಮನೆ ಮಾರಲ್ಲ, ಮಗಳ ಹೆಸರಿಗೆ ಬರೀತೀನಿ ಅಂದ್ರು. ನಾನೇ ಕೇಳಿಸ್ಕೊಂಡೆ."

"ನೀವೆಲ್ಲಿದ್ರಿ ಅಜ್ಜ?"

"ಮೆಟ್ಲು ತೊಳೀತಿದ್ದೆ. ಇಲ್ಲೇ, ಬಾಗಿಲ ಹೊರಗೆ."

ಮಗಳು ಅಲ್ಲೇ ಕುಸಿದು ಕೂತಳು. ಅಳಿಯ ಅಜ್ಜನ ಕೈ ಹಿಡಿದುಕೊಂಡ. ಅಜ್ಜ ಮೆಲ್ಲಗೆ ಬಿಡಿಸಿಕೊಂಡ.

*

ಫೋನು ಹೋದದ್ದು ವಕೀಲರಿಗೆ. ಇನ್‌ಸ್ಪೆಕ್ಟರ್ ಅವರನ್ನು ಮಾತಾಡಿಸಿದಳು. ಕರೆ ಬಂದದ್ದು ನಿಜ. ಆದರೆ ಯಂತ್ರದ ಅಬ್ಬರ ಬಿಟ್ಟು ಒಂದಕ್ಷರವೂ ಕೇಳಲಿಲ್ಲವಂತೆ. ಕೇಳಿಸುತ್ತಿಲ್ಲ, ಬರೆದು ಕಳಿಸಿ ಎಂದು ಅವರು ಸಂದೇಶ ಹಾಕಿದ್ದರು. ಮ್ಯಾನೇಜರರು ಉತ್ತರ ಬರೆದಿದ್ದರು: ಮನೆ ಮಾರುವುದಿಲ್ಲ, ಮಗಳ ಹೆಸರಿಗೆ ಮಾಡಿಸಿ.

"ಅಜ್ಜ ಹೇಳಿದ್ದು ಸರಿಹೋಯ್ತಲ್ಲ ಮೇಡಂ," ಅಂದ ದಫೇದಾರ. "ಅಳಿಯ ಬಚಾವು."

ಇನ್‌ಸ್ಪೆಕ್ಟರ್ ಹಜಾರದ ಈ ತುದಿಯಿಂದ ಆ ತುದಿಗೆ ನಡೆದಳು, ತಿರುಗಿದಳು, ಮತ್ತೆ ನಡೆದಳು. ನೊಣ ಕಚ್ಚಿದ ಹಸುವಿನ ಹಾಗೆ ಅವಳಿಗೆ ನಿಲ್ಲಲಾಗಲಿಲ್ಲ. ಫೋನು ಕಿವಿಗೆ ಹಿಡಿದವರಿಗೇ ಕೇಳದ್ದು ಬಾಗಿಲ ಹೊರಗಿದ್ದವನಿಗೆ ಹೇಗೆ ಕೇಳಿಸಿತು?

ಯಂತ್ರ ಓಡಿಸಲು ಹೇಳಿದಳು. ಗದ್ದಲ ಎದ್ದಿತು. ದಫೇದಾರ ಅಟ್ಟದ ಮೇಲಿಂದ ಗಂಟಲು ಹರಿಯುವಂತೆ ಕೂಗಿದ. ಬಾಗಿಲ ಹೊರಗೆ ನಿಂತ ಅವಳಿಗೆ ಏನೂ ಕೇಳಲಿಲ್ಲ. ಬಾಗಿಲು ತಗಡಿನದು, ಕಂಡಿ ಸಹ ಇಲ್ಲ. ಬಾಗಿಲು ತೆರೆದರೂ ಕೆಳಗಿನಿಂದ ಮಂಚದ ಬಳಿ ಇರುವವರು ಕಾಣುವುದಿಲ್ಲ.

ಯಂತ್ರ ಓಡುತ್ತಿದ್ದಂತೆಯೇ ದಫೇದಾರ ಕೆಳಗಿಳಿದು ಬಂದ. ಅಜ್ಜ ಬಾಗಿಲ ಹೊರಗಿನ ಮೊಗಸಾಲೆಯ ದೂರದ ತುದಿಯಲ್ಲಿ ಇವರ ಕಡೆ ಮುಖಮಾಡಿ ಕೂತಿದ್ದ. ಬೆಳಗಿನಿಂದ ಅವನ ಹೊಟ್ಟೆಗೇನೂ ಬಿದ್ದಿಲ್ಲವೇನೋ ಅನ್ನಿಸಿ, ಇನ್‌ಸ್ಪೆಕ್ಟರ್ ದಫೇದಾರನ ಕಡೆ ತಿರುಗಿ, "ಅಜ್ಜನ ಊಟ ಆಯ್ತಾ ಕೇಳಿ" ಅಂದಳು.

ದಫೇದಾರ ಕಿವಿಗೆ ಕೈಯಿಟ್ಟು, ಏನು ಎಂದು ಮುಖ ಮಾಡಿದ.

ಆ ತುದಿಯಲ್ಲಿ ಅಜ್ಜ, ಬೇಡ ಎಂದು ಕೈಯಾಡಿಸಿದ.

ಅವಳು ಯಂತ್ರ ನಿಲ್ಲಿಸಿ ಎಂದು ಸನ್ನೆ ಮಾಡಿದಳು.

*

ಇನ್‌ಸ್ಪೆಕ್ಟರ್ ಅಜ್ಜನನ್ನು ಕರೆದು, ಬಾಗಿಲ ಹೊರಗಿನ ಮೆಟ್ಟಿಲ ಮೇಲೆ ಅವನ ಪಕ್ಕ ಕೂತಳು. ಮಗಳು, ಅಳಿಯ ಬಾಗಿಲಲ್ಲೇ ಇದ್ದರು. ಮಗ್ಗದ ಸದ್ದಿನಲ್ಲಿ ಹೇಗೆ ಮಾತಾಡುತ್ತಿದ್ದಿರಿ ಎಂದು ಕೇಳಿದಳು. ಅಜ್ಜ ಒಂದಿಷ್ಟೂ ಅಳುಕದೆ ಹೇಳಿದ. ಮಗ್ಗಗಳು ಓಡುವಾಗ ಪಕ್ಕದವನ ಮಾತೂ ಕೇಳುತ್ತಿರಲಿಲ್ಲ. ಎಲ್ಲರೂ ತುಟಿ ನೋಡಿಯೇ ಮಾತಾಡುತ್ತಿದ್ದರು. ಸುಖದುಃಖ, ಜೋಕು, ಸಾಹೇಬರ ಮೇಲಿನ ಬೈಗುಳ, ಎಲ್ಲ. ಮನೆಗೆ ಹೋದರೂ ಅದೇ ಅಭ್ಯಾಸ.

"ಅದಕ್ಕೆ ನೋಡ್ದೆ ಅಂತೀರಾ, ಕೇಳಿಸ್ಕೊಂಡೆ ಅಂತೀರಾ?"

"ನಮಗೆ ಎರಡೂ ಒಂದೇ ಮೇಡಮ್ಮ..."

ಅಷ್ಟು ಹೇಳಿ ಅಜ್ಜ ನಿಲ್ಲಿಸಿದ. ಹೇಳಬಾರದ್ದು ಆಗಲೇ ಹೊರಗೆ ಬಂದಿತ್ತು.

"ಆ ಯಂತ್ರ ಓಡುವಾಗ ಸಾಹೇಬರ ಮಾತು ಯಾರಿಗೂ ಕೇಳ್ತಿರಲಿಲ್ಲ," ಅಂದಳು ಅವಳು. "ವಕೀಲರಿಗೇ ಕೇಳಿಲ್ಲ. ನೀವು ಹೇಳಿದ್ದು ಮಾತ್ರ ನಿಜ. ಸಾಹೇಬರೇ ಅದನ್ನ ಬರೆದಿದಾರೆ. ಅಂದ್ರೆ ನೀವು ಅವ್ರ ತುಟಿ ನೋಡಿದೀರಿ. ಮೆಟ್ಟಲಿಂದ ಕಾಣಲ್ಲ, ಹಜಾರದಿಂದಲೂ ಕಾಣಲ್ಲ. ಅಟ್ಟದ ಮೇಲೆ, ಎದುರಿಗೇ ನಿಂತಿದ್ರಿ. ಆ ಹುಡುಗನ್ನ ಉಳಿಸೋಕೆ ಹೋಗಿ ಅದನ್ನ ನೀವೇ ಹೇಳಿದ್ರಿ."

ಅಜ್ಜ ಮೆಟ್ಟಿಲು ಒರೆಸಿದ ಒದ್ದೆ ಬಟ್ಟೆಯನ್ನು ಮಡಚಿ ಮೊಣಕಾಲ ಮೇಲಿಟ್ಟುಕೊಂಡ. ಒಂದೊಂದಾಗಿ ಹೇಳಿದ.

ಅವನಿಗೊಬ್ಬ ತಮ್ಮನಿದ್ದ. ಇದೇ ಮಹಡಿಯಲ್ಲಿ, ಮಗ್ಗ ತಿರುಗಿಸುವ ಸವೆದ ತೊಗಲಿನ ಪಟ್ಟಿ ಹರಿದು ಬಡಿದು ಸತ್ತ. ಹುಡುಗ ಕುಡಿದಿದ್ದ, ತಪ್ಪು ಅವನದೇ ಎಂದು ಮ್ಯಾನೇಜರರು ಮೇಲಿನವರಿಗೆ ಹೇಳಿ ಕೈತೊಳೆದುಕೊಂಡರು. ಅಮ್ಮ ಆ ಮಾತು ಹೊತ್ತುಕೊಂಡೇ ಸತ್ತಳು. ಸಾಹೇಬರು ಇಲ್ಲಿ ವಾಸಕ್ಕೆ ಬಂದಾಗಿನಿಂದ ಅಜ್ಜ ಕೇಳುತ್ತಿದ್ದದ್ದು ಒಂದೇ ಮಾತು: ಅವನ ತಪ್ಪಲ್ಲ ಅಂತ ಹೇಳಿ. ನಾಳೆ ನೋಡೋಣ, ನಾಳೆ ನೋಡೋಣ ಎಂದು ಅವರು ಜಾರಿಕೊಳ್ಳುತ್ತಿದ್ದರು. ಇವತ್ತು ಅಳಿಯನ ಜೊತೆ ಜಗಳವಾದ ಮೇಲೆ, ಮನಸ್ಸು ಕದಡಿದಾಗಲಾದರೂ ನಿಜ ಬಂದೀತೆಂದು ಅಜ್ಜ ಮೇಲೆ ಹತ್ತಿದ್ದ. ಫೋನು, ಬರೆಯುವುದು ಎಲ್ಲ ಮುಗಿಯುವ ತನಕ ಕಾದ.

"ಅವರ ಕಿವಿ ಹತ್ರ ಹೋಗಿ ಕೂಗಿ ಕೇಳ್ದೆ. ಅವರು ನಕ್ಕರು. ನಿನ್ನ ತಮ್ಮ ಕುಡುಕ ಕಣೋ ಅಂದ್ರು. ಅವನು ಮಜ್ಜಿಗೆ ಬಿಟ್ಟು ಬೇರೇನೂ ಕುಡಿದವನಲ್ಲ. ನನ್ನ ಕೈ ಮುಂದೆ ಹೋಯ್ತು. ಅಷ್ಟೇ ನನಗೆ ಗೊತ್ತು."

ಹೊರಗೆ ಗಾಳಿ ದೂಳನ್ನು ಕಿಟಕಿಗೆ ತಂದು ಎರಚಿತು. ಅಳಿಯ ನೆಲ ನೋಡುತ್ತಿದ್ದ.

ಅಜ್ಜ ಎದ್ದ. ಮಗಳ ಮುಂದೆ ಹೋಗಿ ನಿಂತ.

"ತಾಯಿ, ನಿನ್ನ ಹತ್ರ ಕ್ಷಮೆ ಕೇಳೋ ಮುಖ ನನಗಿಲ್ಲ. ಒಂದೇ ಕೇಳ್ತೀನಿ. ಪಟ್ಟಿ ಸವೆದಿದ್ದು ಅವರಿಗೆ ಗೊತ್ತಿತ್ತಾ? ಮನೇಲಿ ಯಾವತ್ತಾದ್ರೂ ಅಂದಿದ್ರಾ?"

ಮಗಳ ಒಂದು ಕೈ ಹೊಟ್ಟೆಯ ಮೇಲಿತ್ತು, ಇನ್ನೊಂದು ಗಂಡನ ತೋಳಿನ ಮೇಲೆ. ಆ ಗಂಡ ಅವಳಿಗೆ ಉಳಿದದ್ದು ಈ ಮುದುಕನ ಮಾತಿನಿಂದ. ಅಪ್ಪ ಹೋದದ್ದು ಇವನ ಕೈಯಿಂದ.

"ನಂಗೊತ್ತು ಅಜ್ಜ. ಅವತ್ತು ಗಿರಣೀಲಿ ಏನು ನಡೀತು ಅಂತ ಗೊತ್ತು," ಅಂದಳು. "ಆದ್ರೆ ಇವತ್ತು ನನ್ನ ಬಾಯಿಂದ ಅದು ಬರಲ್ಲ."

ಅಜ್ಜ ತಲೆಯಾಡಿಸಿದ. ಇರಲಿ ಎಂದ. ಆಮೇಲೆ ದಫೇದಾರನಿಗಿಂತ ಮುಂದಾಗಿ, ತಾನೇ ತೊಳೆದ ಮೆಟ್ಟಿಲನ್ನು ಇಳಿಯತೊಡಗಿದ.