ಮೂವತ್ತೊಂಬತ್ತು ಕೈಗಳು ಬರೆದ ಮುಖ

ಮುಂಗೈಗೆ ಬಿಗಿದಿದ್ದ ಪಟ್ಟಿ ಸಣ್ಣಗೆ ಗುಂಯ್‌ಗುಟ್ಟಿತು. ನೀಲಾಂಬಿಕಾಳ ಬೆರಳುಗಳು ತಾವಾಗಿಯೇ ಮಡಚಿಕೊಂಡು ಪೆನ್ಸಿಲ್ಲನ್ನು ಕಾಗದದ ಮೇಲೆ ಎಳೆಯತೊಡಗಿದವು. ಗಲ್ಲದ ಗೆರೆ ಅರ್ಧ ಮೂಡುವಷ್ಟರಲ್ಲಿ ಎಂದಿನಂತೆ ಅವಳ ಮೊಣಕೈ ಸೆಟೆದುಕೊಂಡಿತು. ಕಿವಿಯ ಕಡೆ ತಿರುಗಬೇಕಿದ್ದ ಗೆರೆ ಕಾಗದದ ಅಂಚು ದಾಟಿ ಮೇಜಿನ ಮೇಲೆ ಹೋಯಿತು.

ಇನ್‌ಸ್ಪೆಕ್ಟರ್ ದಾನಪ್ಪ ಹೊಸಮನಿ ಆ ಹಾಳೆಯನ್ನು ಎತ್ತಿ ಮಹಿಳಾ ಪೊಲೀಸ್ ತರಬೇತಿ ಶಾಲೆಯ ಇಡೀ ತರಗತಿಗೆ ತೋರಿಸಿದರು.

"ಏನವಾ, ಇದು ಮುಖಾನೋ, ಬದ್ನೀಕಾಯಿನೋ?"

ಮೂವತ್ತೊಂಬತ್ತು ಮಂದಿ ನಕ್ಕರು.

ಇಪ್ಪತ್ತೊಂದನೆಯ ಶತಮಾನದ ನಡುವಿನ ಆ ವರ್ಷಗಳಲ್ಲಿ ಕಾನ್‌ಸ್ಟೆಬಲ್ ಆಗಬೇಕಾದವರೆಲ್ಲ ಚಿತ್ರಕಲೆಯಲ್ಲಿ ಪಾಸಾಗಲೇಬೇಕಿತ್ತು. ಅದಕ್ಕೆ ಕಾರಣ ರೂಪಪಟ್ಟಿ. ಮೈಸೂರಿನ ವಿಜ್ಞಾನಿ ಡಾ. ವೈಜಯಂತಿ ಕಂಡುಹಿಡಿದ ಈ ಸಾಧನಕ್ಕೆ ಎರಡು ಭಾಗ. ಹಣೆಗೆ ಕಟ್ಟಿದ ಭಾಗ, ನೋಡಿದ್ದನ್ನು ನೆನೆಯುವಾಗ ಮಿದುಳಿನಲ್ಲಿ ಏಳುವ ಸೂಕ್ಷ್ಮ ವಿದ್ಯುತ್ತಿನ ಅಲೆಗಳನ್ನು ಹಿಡಿಯುತ್ತಿತ್ತು. ಮುಂಗೈಯ ಭಾಗ ಅವುಗಳಿಗೆ ತಕ್ಕಂತೆ ಸ್ನಾಯುಗಳನ್ನು ಮಿಡಿಯುತ್ತಿತ್ತು. ಪೊಲೀಸರಾಗಲಿ ಸಾಕ್ಷಿಗಳಾಗಲಿ, ಕಳ್ಳನನ್ನು ಅರೆಗಳಿಗೆ ಕಂಡವರೂ ಪಟ್ಟಿ ಕಟ್ಟಿಕೊಂಡು ಕೂತರೆ ಅವನ ಮುಖವನ್ನು ಬರೆದುಕೊಡಬಹುದಿತ್ತು. ನ್ಯಾಯಾಲಯಗಳು ಆ ಚಿತ್ರಗಳನ್ನು ಸಾಕ್ಷ್ಯವಾಗಿ ಒಪ್ಪಿ ಆರು ವರ್ಷವಾಗಿತ್ತು.

ಒಂದೇ ಷರತ್ತು. ಕೈಯನ್ನು ಪಟ್ಟಿಯ ವಶಕ್ಕೆ ಬಿಟ್ಟುಬಿಡಬೇಕು. ನೀಲಾಂಬಿಕಾಳಿಗೆ ಅದು ಆಗುತ್ತಿರಲಿಲ್ಲ. ಚಿಕ್ಕಂದಿನಲ್ಲೂ ಅವಳಿಗೆ ಒಂದು ಮಾವಿನಕಾಯಿ ನೆಟ್ಟಗೆ ಬರೆಯಲು ಬಂದಿರಲಿಲ್ಲ. ಈಗ ಬೇರೆ ಯಾರೋ ಕೈ ಹಿಡಿದು ಜಗ್ಗಿದಂತಾಗಿ ಮೈಯೆಲ್ಲ ಬಿಗಿಯುತ್ತಿತ್ತು. ಹೊಸಮನಿಯವರು ಇದನ್ನು ಸೊಕ್ಕು ಎಂದೇ ತೀರ್ಮಾನಿಸಿದ್ದರು. ಬಿಸಿಲಲ್ಲಿ ನಿಲ್ಲಿಸಿ ನೋಡಿದರು, ಅವಳ ಪಕ್ಕದಲ್ಲಿ ಯಾರೂ ಕೂರಬಾರದೆಂದರು. ಜೊತೆಗೆ ಊಟ ಮಾಡುತ್ತಿದ್ದ ರೇಷ್ಮಾ ಕೂಡ ತಟ್ಟೆ ಎತ್ತಿಕೊಂಡು ಬೇರೆ ಕಡೆ ಹೋದಳು. ನೀಲಾಂಬಿಕಾ ಎರಡು ಸಲ ಫೇಲಾಗಿದ್ದಳು. ಮೂರನೆಯ ಸಲವೂ ಆದರೆ ಮನೆಗೆ ಹೋಗುವುದೊಂದೇ ದಾರಿ.

ಆ ಮೂರನೆಯ ಪರೀಕ್ಷೆಯ ದಿನ ಡಾ. ವೈಜಯಂತಿಯವರೇ ತಮ್ಮ ಸಾಧನ ಕೆಲಸ ಮಾಡುವುದನ್ನು ನೋಡಲು ಬಂದಿದ್ದರು. ಬೆಳಿಗ್ಗೆ ಹತ್ತಕ್ಕೆ ಅಪರಿಚಿತನೊಬ್ಬ ಪರೀಕ್ಷಾ ಕೊಠಡಿಯೊಳಗೆ ನುಗ್ಗಿ, ಹೊಸಮನಿಯವರೊಡನೆ ಗ್ಯಾಸ್ ಸಿಲಿಂಡರಿನ ವಿಷಯಕ್ಕೆ ಅರ್ಧ ನಿಮಿಷ ಜಗಳಾಡಿ ಹೊರಟುಹೋದ. ಈಗ ಬಂದವನ ಮುಖ ಬರೆಯಿರಿ ಎಂದು ಹೊಸಮನಿ ಗಡಿಯಾರ ಒತ್ತಿದರು.

ಹತ್ತು ನಿಮಿಷಕ್ಕೆ ನೀಲಾಂಬಿಕಾಳ ಮುಂಗೈ ಕಲ್ಲಾಯಿತು. ಸುತ್ತಲೂ ಪೆನ್ಸಿಲ್ಲುಗಳು ಒಂದೇ ಲಯದಲ್ಲಿ ಸರಸರ ಓಡುತ್ತಿದ್ದವು. ಅವಳು ಪಟ್ಟಿ ಬಿಚ್ಚಿ ಮೇಜಿನ ಕೆಳಗೆ ಇಟ್ಟು, ಹಲ್ಲು ಕಚ್ಚಿಕೊಂಡು ಬರಿಗೈಯಲ್ಲೇ ಬರೆದಳು. ಮುಖ ಆಲೂಗಡ್ಡೆಯಂತಾಯಿತು, ಮೂಗು ಮೂಗಿನಂತಿರಲಿಲ್ಲ. ಆದರೆ ಅವನ ಎಡಗಣ್ಣಿನ ರೆಪ್ಪೆ ಅರ್ಧ ಜೋತುಬಿದ್ದಿದ್ದನ್ನೂ ಬಲಗಿವಿಯ ಹಾಲೆ ಹರಿದು ಎರಡಾಗಿದ್ದನ್ನೂ ಅವಳು ಕಂಡಿದ್ದಳು. ಅವೆರಡನ್ನೂ ಹೇಗೋ ಗೀಚಿದಳು.

ಅತಿಥಿಗೂ ನಗು ಬರಲೆಂದು ಹೊಸಮನಿ ಅದನ್ನು ಉಳಿದ ಮೂವತ್ತೊಂಬತ್ತು ಚಿತ್ರಗಳ ನಡುವೆ ತೂಗುಹಾಕಿದರು. ವೈಜಯಂತಿ ನಗಲಿಲ್ಲ. ಮೂವತ್ತೊಂಬತ್ತೂ ಒಂದೇ ಕೈ ಬರೆದಂತಿದ್ದವು: ಸಮನಾದ ಕಣ್ಣುಗಳು, ಹರಿಯದ ಕಿವಿಗಳು, ಬೀದಿಯಲ್ಲಿ ಎಲ್ಲೋ ನೋಡಿದಂತೆನಿಸುವ ದುಂಡು ಮುಖ. ಅವರು ಆ ಮನುಷ್ಯನನ್ನು ಮತ್ತೆ ಕರೆಸಿದರು. ಅಂದಷ್ಟೇ ಕೆಲಸಕ್ಕೆ ಸೇರಿದ್ದ ಅಡುಗೆಯವನು ಕೈ ಒರೆಸಿಕೊಳ್ಳುತ್ತ ಬಂದು ನಿಂತ. ಎಡರೆಪ್ಪೆ ಜೋತುಬಿದ್ದಿತ್ತು. ಬಲಗಿವಿ ಹರಿದಿತ್ತು.

ನೆನಪಿನಲ್ಲಿ ಕಂಡಿ ಬಿದ್ದ ಕಡೆ ರೂಪಪಟ್ಟಿ ತನ್ನ ಸಂಗ್ರಹದ ಲಕ್ಷಾಂತರ ಮುಖಗಳ ಸರಾಸರಿಯನ್ನು ತುಂಬುತ್ತಿತ್ತು. ವೈಜಯಂತಿಯವರಿಗೆ ಅದು ಗೊತ್ತಿತ್ತು. ಇಷ್ಟೊಂದು ತುಂಬುತ್ತದೆ ಎಂದು ಗೊತ್ತಿರಲಿಲ್ಲ. ಆಮೇಲೆ ನಡೆದದ್ದಂತೂ ಅವರ ಊಹೆಗೂ ಬಂದಿರಲಿಲ್ಲ.

"ಬೆಳಿಗ್ಗೆ ಬಂದಿದ್ದವರು ಇವರೇ ತಾನೆ?" ಎಂದು ಅವರು ಕೇಳಿದರು.

ಮುಂದಿನ ಸಾಲಿನಿಂದ ರೇಷ್ಮಾ ಎದ್ದು ನಿಂತಳು. "ಅಲ್ರೀ ಮೇಡಮ್. ಅವನ ಎರಡೂ ಕಣ್ಣು ನೆಟ್ಟಗಿದ್ವು. ಇಂವ ಬ್ಯಾರೆ."

ಒಬ್ಬೊಬ್ಬರಾಗಿ ಮೂವತ್ತೊಂಬತ್ತು ಮಂದಿಯೂ ಅದನ್ನೇ ಹೇಳಿದರು. ನಾನೇ ಬಂದಿದ್ದೆನಲ್ಲ ಎಂದು ಅಡುಗೆಯವನು ಎಷ್ಟು ಹೇಳಿದರೂ ಯಾರೂ ಒಪ್ಪಲಿಲ್ಲ. ಯಾವನನ್ನೋ ಉಳಿಸಲು ಸುಳ್ಳು ಹೇಳುತ್ತಿದ್ದಾನೆ ಎಂಬಂತೆ ಅವನನ್ನು ದಿಟ್ಟಿಸಿದರು. ಹುಡುಗಿಯರು ಗಾಬರಿಯಾಗಿದ್ದಾರೆ ಎಂದು ಹೊಸಮನಿ ಏನೋ ಸಮಜಾಯಿಷಿ ಕೊಡಲು ಹೋದರು.

ವೈಜಯಂತಿ ತೂಗುಹಾಕಿದ್ದ ಚಿತ್ರಗಳತ್ತ ತಿರುಗಿದರು. "ಪಟ್ಟಿ ಕೈಯನ್ನ ಮಾತ್ರ ಎಳೆಯುತ್ತೆ ಅಂದುಕೊಂಡಿದ್ದೆ" ಎಂದರು. ಎಲ್ಲರ ನೆನಪಿನಲ್ಲೂ ಬರೆದ ಮುಖ, ಕಂಡ ಮುಖವನ್ನು ಅಳಿಸಿ ಅದರ ಜಾಗದಲ್ಲಿ ಕೂತುಬಿಟ್ಟಿತ್ತು.

ನೀಲಾಂಬಿಕಾ ಎದ್ದಳು. "ಇಂಥಾ ಚಿತ್ರ ನೋಡಿ ಎಷ್ಟ ಮಂದಿನ್ನ ಜೈಲಿಗೆ ಹಾಕ್ಯಾರ್ರೀ ಮೇಡಮ್?"

"ಇನ್ನೂರ ಹದಿನಾಲ್ಕು."

"ನೀ ಕುಂದ್ರು" ಎಂದರು ಹೊಸಮನಿ. "ಪರೀಕ್ಷಾದಾಗ ಪಟ್ಟಿ ಬಿಚ್ಚೀದಿ. ನೀ ಫೇಲ್."

ನಿಯಮದ ಪ್ರಕಾರ ಅದು ಸರಿಯಾಗಿಯೇ ಇತ್ತು. ವೈಜಯಂತಿಯೂ ಅಡ್ಡ ಬರಲಿಲ್ಲ. ಅವರಿಗೆ ಅವಳ ಮಾತು ಕೇಳಿಸಿದ ಮೇಲೆ ಬೇರೇನೂ ಕೇಳಿಸಿದಂತಿರಲಿಲ್ಲ. ಮರುದಿನ ನೀಲಾಂಬಿಕಾ ಟ್ರಂಕು ಹೊತ್ತು ಬಸ್ಸು ಹತ್ತಿದಳು. ಬೀಳ್ಕೊಡಲು ಯಾರೂ ಬರಲಿಲ್ಲ.

ಎರಡು ವರ್ಷದ ಮೇಲೆ, ವೈಜಯಂತಿ ತಮ್ಮ ಸಾಧನದ ವಿರುದ್ಧ ತಾವೇ ಕೊಟ್ಟ ವರದಿಯಿಂದಾಗಿ, ಆ ಮೊಕದ್ದಮೆಗಳ ಮರುವಿಚಾರಣೆ ಶುರುವಾಯಿತು. ಪರೀಕ್ಷೆಯ ದಿನದ ಬಗ್ಗೆ ಹೇಳಿಕೆ ಕೊಡಲು ನೀಲಾಂಬಿಕಾಳಿಗೂ ಸಮನ್ಸ್ ಬಂತು. ಅಂದು ಕಟಕಟೆಯಲ್ಲಿ ಮುದುಕ ಬಟ್ಟೆ ವ್ಯಾಪಾರಿಯೊಬ್ಬ ನಿಂತಿದ್ದ. ಎದುರಿಗೆ ಇಬ್ಬರು: ಐದು ವರ್ಷದಿಂದ ಜೈಲಿನಲ್ಲಿರುವವನು ಮತ್ತು ಮುದುಕನ ಅಂಗಡಿ ದೋಚಿದ್ದು ತಾನೇ ಎಂದು ಈಚೆಗೆ ಒಪ್ಪಿಕೊಂಡವನು. ಮುದುಕ ಕಣ್ಣೀರು ಹಾಕುತ್ತಲೇ ಜೈಲಿನವನತ್ತ ಬೆರಳು ತೋರಿಸಿದ. ಚಿತ್ರ ಬರೆಯುವ ಮೊದಲು ಕಂಡ ಮುಖ ಹೇಗಿತ್ತು ಎಂದು ನ್ಯಾಯಾಧೀಶರು ಕೇಳಿದರು. ಮುದುಕ ಕಣ್ಣು ಮುಚ್ಚಿ ನೋಡಿದ.

"ಗೊತ್ತಿಲ್ರೀ ಸಾಹೇಬ್ರ. ಕಣ್ಣ ಮುಚ್ಚಿದ್ರ ಚಿತ್ರಾನ ಬರ್ತೈತಿ."

ಬೆಂಚಿನ ತುದಿಯಲ್ಲಿ ಕೂತಿದ್ದ ನೀಲಾಂಬಿಕಾಳಿಗೆ ಅವನ ಮೇಲೆ ಸಿಟ್ಟು ಉಕ್ಕಿತು. ಕಂಡ ಮುಖ ನೆನೆಯುವುದೇನು ಅಷ್ಟು ಕಷ್ಟ ಎಂದುಕೊಂಡು ಅವಳು ಕಣ್ಣು ಮುಚ್ಚಿ, ತಾನು ಹತ್ತು ವರ್ಷದವಳಿದ್ದಾಗ ತೀರಿಕೊಂಡ ಅಪ್ಪನ ಮುಖವನ್ನು ನೆನೆದಳು. ತಕ್ಷಣ ಬಂತು: ನೀಲಿ ಅಂಗಿ, ಬಿಸಿಲಿಗೆ ಕಿರಿದಾದ ಕಣ್ಣು, ಒಂದು ಕಡೆ ವಾಲಿದ ನಗು. ಅದು ಅವಳ ಫೋನಿನಲ್ಲಿದ್ದ ಫೋಟೊ. ಅದಲ್ಲದ ಅಪ್ಪನನ್ನು ಹುಡುಕಿದಳು. ಅವನು ಒಮ್ಮೆ ಕತ್ತು ಹೊರಳಿಸಲಿ, ಕೆಮ್ಮಲಿ, ತನ್ನನ್ನು ಗದರಲಿ ಎಂದು ಕಾದಳು. ಅವನು ನಗುತ್ತಲೇ ಇದ್ದ, ಅಲ್ಲಾಡಲಿಲ್ಲ.